ಗೋಡೆಗೆ ತಾಗದ ನೆಲ

ನಮ್ಮ ಮಹಡಿಯ ಕೋಣೆಯಲ್ಲಿ ನೆಲ ಮುಗಿದು ಗೋಡೆ ಶುರುವಾಗುವ ಮೊದಲು ಅರ್ಧ ಬೆರಳಿನಷ್ಟು ಜಾಗ ಖಾಲಿ ಇದೆ. ಸುತ್ತಲೂ ಮರದ ಪಟ್ಟಿ ಅದನ್ನು ಮುಚ್ಚಿದೆ, ಕಿಟಕಿಯ ಮೂಲೆಯೊಂದರಲ್ಲಿ ಮಾತ್ರ ಗೇಣುದ್ದ ಬಯಲಾಗಿಯೇ ಉಳಿದಿದೆ. ಆ ಸಂದಿಗಾಗಿ ನಾನು ಒಮ್ಮೆ ಎಷ್ಟು ತಲೆ ಕೆಡಿಸಿಕೊಂಡೆ, ಆಮೇಲೆ ಎಷ್ಟು ತಲೆ ತಗ್ಗಿಸಿದೆ ಎಂಬುದನ್ನು ನಿಮಗೆ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಶಿವಮೊಗ್ಗದ ಹಳೆಯ ಪೇಟೆಯಲ್ಲಿರುವ ನಮ್ಮ ಮನೆಯ ಮಹಡಿ ತೊಲೆಗಳ ಮೇಲೆ ಹಲಗೆ ಜೋಡಿಸಿದ್ದು. ತಾತನ ಕಾಲದ ಆ ಹಲಗೆಗಳು ಒಣಗಿ ಒಂದರಿಂದೊಂದು ದೂರ ಸರಿದು, ಮೇಲೆ ಮೊಮ್ಮಗಳು ಕುಣಿದರೆ ಕೆಳಗೆ ಉಣ್ಣುತ್ತಿದ್ದ ನನ್ನ ಸಾರಿಗೆ ಧೂಳಿನ ಒಗ್ಗರಣೆ ಬೀಳುತ್ತಿತ್ತು. ಇದನ್ನು ಕಂಡ ನನ್ನ ಬೀಗರು, ಅಂದರೆ ಸೊಸೆಯ ತಂದೆ ರುದ್ರಪ್ಪನವರು, ಹಳೆಯ ಹಲಗೆಗಳ ಮೇಲೆ ಹೊಸ ಸಾಗುವಾನಿ ನೆಲ ಹಾಸಿಕೊಡುತ್ತೇನೆಂದು ಮುಂದೆ ಬಂದರು. ಅವರು ಭದ್ರಾವತಿಯ ನ್ಯೂ ಟೌನಿನವರು. ಕಬ್ಬಿಣದ ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಕೆತ್ತುತ್ತಾ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವರು. ನಿವೃತ್ತಿಯ ನಂತರ ಉಳಿ ಹಿಡಿಯದೆ ಮಂಕಾಗಿಬಿಟ್ಟಿದ್ದರು. "ಕೈ ಇನ್ನೂ ಹೇಳಿದ ಮಾತು ಕೇಳುತ್ತಾ ನೋಡ್ಬೇಕು ಬೀಗ್ರೇ" ಎಂದು ಅವರು ಅಂದಾಗ ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ?

ಬಡಗಿಯಾದರೆ ಅಡ್ಡಪ್ರಶ್ನೆ ಕೇಳಬಹುದು. ಬೀಗರಿಗೆ ಬಾಳೆಲೆ ಹಾಕಬಹುದೇ ಹೊರತು ಪ್ರಶ್ನೆ ಹಾಕುವಂತಿಲ್ಲ. ಅವರು ತೊಲೆಗಳನ್ನೆಲ್ಲ ಕುಟ್ಟಿ, ಕಿವಿಗೊಟ್ಟು ಪರೀಕ್ಷಿಸಿ, ಅಲುಗುತ್ತಿದ್ದ ಹಲಗೆಗಳಿಗೆ ಸ್ಕ್ರೂ ಬಿಗಿದರು. ಹೊಸ ಹಲಗೆಗಳನ್ನು ಎರಡು ವಾರ ಕೋಣೆಯಲ್ಲಿ ಸುಮ್ಮನೆ ಮಲಗಿಸಿದರು. "ಈ ಮನೆ ಗಾಳಿಗೆ ಒಗ್ಗಲಿ. ಹೊಸದರಲ್ಲಿ ನಿಮ್ಮ ಸೊಸೆಗೂ ಟೈಮ್ ಬೇಕಾಗಿತ್ತಲ್ಲ" ಎಂದು ನಕ್ಕರು. ಆಮೇಲೆ ಹಳೆಯವಕ್ಕೆ ಅಡ್ಡಲಾಗಿ ಒಂದೊಂದನ್ನೇ ಕೂರಿಸಿ, ತಲೆ ಕಾಣದಂತೆ ಮೊಳೆ ಹೊಡೆದು, ಕೂತರೆ ಏಳಬಾರದೆನಿಸುವಂಥ ನೆಲ ಮಾಡಿದರು. ಆದರೆ ನಾಲ್ಕೂ ಗೋಡೆಗಳ ಪಕ್ಕ ಸಂದು ಬಿಟ್ಟರು. "ಇದು ಇರ್ಬೇಕು. ಮೇಲೆ ಮುಚ್ಚೋ ಪಟ್ಟಿ ಮುಂದಿನ ಸಲ ತರ್ತೀನಿ" ಎಂದು ಬಸ್ಸು ಹತ್ತಿದರು.

ಯಾಕಿರಬೇಕು ಎಂದು ನಾನು ಕೇಳಲಿಲ್ಲ. ಪಾಪ, ಅಳತೆ ತಪ್ಪಿದ್ದಾರೆ, ಬೀಗರ ಮರ್ಯಾದೆ ಉಳಿಸೋಣ ಎಂಬ ಮಹಾ ಔದಾರ್ಯದಿಂದ, ಉಳಿದಿದ್ದ ಮರದ ಚಕ್ಕೆಗಳನ್ನು ಸುತ್ತಲೂ ಸಂದಿಗೆ ಬಡಿದು ಬಿಗಿದೆ.

ಅಷ್ಟರಲ್ಲಿ ಶ್ರಾವಣ ಬಂತು. ಮೊದಲ ಸೋಮವಾರಕ್ಕೆ ಬೀಗರನ್ನು ಊಟಕ್ಕೆ ಕರೆದಿದ್ದೆವು, ಮತ್ತು ಮನೆ ತೊಳೆಯದೆ ನಮ್ಮಲ್ಲಿ ಹಬ್ಬವಿಲ್ಲ. "ಒರೆಸಿದ್ರೆ ತೊಳ್ದಂಗಾಗುತ್ತೇನ್ರೀ?" ಎಂದಳು ಹೆಂಡತಿ ಸರೋಜ. ಶನಿವಾರ ನಾನೇ ನಾಲ್ಕು ಬಕೆಟ್ ನೀರು ಹೊತ್ತು ಹೊಸ ನೆಲದ ಮೇಲೆ ಸುರಿದು, ಒಂದು ಹನಿಯೂ ಕೆಳಗಿಳಿಯದ್ದನ್ನು ಕಂಡು ನನ್ನ ಜಾಣತನಕ್ಕೆ ಹಿಗ್ಗಿದೆ. ಸೋಮವಾರದ ಹೊತ್ತಿಗೆ ನೆಲವೂ ಹಿಗ್ಗಿತ್ತು. ಕೋಣೆಯ ನಡುವೆ ಎಮ್ಮೆಯ ಬೆನ್ನಿನಂತೆ ಉಬ್ಬಿ ನಿಂತಿತ್ತು.

ಮೇಲೆ ಬಂದ ರುದ್ರಪ್ಪನವರು ಬಾಗಿಲಲ್ಲೇ ನಿಂತರು. ಗೋಡೆಯ ಕಡೆ ನೋಡಲೇ ಇಲ್ಲ. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಕೈ ಹೋಯ್ತು ಬೀಗ್ರೇ. ಇನ್ನು ಉಳಿ ಮುಟ್ಟಲ್ಲ" ಎಂದರು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆ ಅಂಗೈಗಳನ್ನು ನೋಡಿದ ಮೇಲೆ ಅದು ಆಗಲಿಲ್ಲ. "ನಿಮ್ಮ ಕೈ ಸರಿಯಾಗೇ ಇದೆ. ಸಂದು ಮುಚ್ಚಿದ್ದು ನಾನು, ನೀರು ಸುರಿದಿದ್ದೂ ನಾನೇ" ಎಂದುಬಿಟ್ಟೆ.

ಅವರು ಮಂಡಿಯೂರಿ ಗೋಡೆಯಂಚನ್ನು ಸವರಿದರು. ಚಕ್ಕೆಗಳು ಬೆರಳಿಗೆ ಸಿಕ್ಕವು. ಒಂದನ್ನು ಉಗುರಿನಿಂದ ಮೀಟಿ ನೋಡಿದರು. ಆಮೇಲೆ ಮೈಯೆಲ್ಲ ಕುಲುಕುವ ನಗು. "ಅಯ್ಯೋ ಮಾರಾಯ! ಎರಕ ಆರಿದ್ರೆ ಕುಗ್ಗುತ್ತೆ, ಮರ ನೀರು ಕುಡಿದ್ರೆ ಹಿಗ್ಗುತ್ತೆ. ಹಿಗ್ಗೋಕೆ ಅಂತ್ಲೇ ಜಾಗ ಬಿಟ್ಟಿದ್ದು. ಹೋಗು, ಉಳಿ ತಗೊಂಡು ಬಾ!"

ಬೀಗರಾಗಿ ಆರು ವರ್ಷದಲ್ಲಿ ಅವರು ನನ್ನನ್ನು 'ಹೋಗು, ಬಾ' ಎಂದದ್ದು ಅದೇ ಮೊದಲು. ಕೆಳಗೆ ಹೋಳಿಗೆ ಆರುತ್ತಿತ್ತು; ಮೇಲೆ ಇಬ್ಬರು ಬೀಗರು ಪಂಚೆ ಎತ್ತಿಕಟ್ಟಿ ಚಕ್ಕೆ ಕೀಳುತ್ತಿದ್ದೆವು. ಮರ ಆರಿದಂತೆ ಉಬ್ಬು ಇಳಿಯಿತು. ದೀಪಾವಳಿಯ ಹೊತ್ತಿಗೆ ಎರಡೇ ಹಲಗೆಗಳನ್ನು ಬದಲಿಸಬೇಕಾಯಿತು. ಮರ್ಯಾದೆಯ ಹೆಸರಿನಲ್ಲಿ ಎಷ್ಟು ಪ್ರಶ್ನೆಗಳನ್ನು ನುಂಗಿ, ಕೇಳದೆಯೇ ಎಷ್ಟು ಉಪಕಾರಗಳನ್ನು ಮಾಡಿ ನನ್ನವರನ್ನು ಹೀಗೆ ಉಬ್ಬಸಪಡಿಸಿದ್ದೇನೋ ಎಂದು ಆಗಾಗ ಯೋಚಿಸುತ್ತೇನೆ, ಲೆಕ್ಕ ಸಿಗುವುದಿಲ್ಲ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಪಟ್ಟಿ ಹೊಡೆಯುವಾಗ ರುದ್ರಪ್ಪನವರು ಕಿಟಕಿಯ ಮೂಲೆಯನ್ನು ಬೇಕೆಂದೇ ಬಿಟ್ಟರು, ನನ್ನ ಪಾಠಕ್ಕೆಂದು. ಮಳೆಗಾಲದಲ್ಲಿ ಅಲ್ಲಿ ಬೆರಳಿಟ್ಟರೆ ಸಂದು ಕಿರಿದಾಗಿರುತ್ತದೆ, ಬೇಸಿಗೆಯಲ್ಲಿ ಅಗಲ. ನಾನು ತಪ್ಪದೆ ಭದ್ರಾವತಿಗೆ ಫೋನ್ ಮಾಡಿ ವರದಿ ಒಪ್ಪಿಸುತ್ತೇನೆ. ಆ ಕಡೆ ಉಳಿಗೆ ಬಡಿಯುವ ಕೊಡತಿಯ ಸದ್ದು ಟಕ್ಕೆಂದು ನಿಲ್ಲುತ್ತದೆ. "ಮುಟ್ಟಿಲ್ಲ ತಾನೇ, ಮಾರಾಯ?" ಎಂದು ಕೇಳುತ್ತಾರೆ. ಇಲ್ಲ ಎಂದ ಮೇಲೆಯೇ ಉಳಿ ಮತ್ತೆ ಕೆಲಸಕ್ಕೆ ತೊಡಗುತ್ತದೆ.