ಸಾಂಬಾರಿನ ಮೊದಲ ಸೌಟು

ನನಗೆ ಉಪ್ಪಿನ ಹದ ತಿಳಿಯುವುದಿಲ್ಲ. ಮದ್ರಾಸಿನ ಟಿ. ನಗರದಲ್ಲೊಂದು, ಬೆಸೆಂಟ್ ನಗರದಲ್ಲೊಂದು ಹೋಟೆಲು ಇಟ್ಟುಕೊಂಡವನು ಬಾಯಿಬಿಟ್ಟು ಹೇಳಬಾರದ ಮಾತಿದು. ನೀವು ನಮ್ಮವರೆಂದು ಹೇಳಿದೆ.

ಉಡುಪಿ ಕಡೆಯಿಂದ ಬಂದ ಅಪ್ಪ ಎರಡು ಪದ್ಧತಿ ಹಾಕಿಹೋಗಿದ್ದರು. ಬೆಳಗಿನ ಸಾಂಬಾರಿನ ಮೊದಲ ಸೌಟು ಮ್ಯಾನೇಜರರ ಮೇಜಿಗೆ ಹೋಗಬೇಕು. ಅವರು ರುಚಿ ನೋಡಿ ತಲೆಯಾಡಿಸಿದ ಮೇಲೆಯೇ ಗಿರಾಕಿಗೆ. ಮತ್ತೆ, ಅಡುಗೆಮನೆಯಲ್ಲಿ ಎರಡು ವರ್ಷ ಬೆಂದವರೇ ಮ್ಯಾನೇಜರ್ ಆಗಬೇಕು. ಮೂರನೆಯದನ್ನು ಸೇರಿಸಿದವನು ನಾನು: ಹೆಂಗಸರಿಗೆ ಅಡುಗೆಮನೆಯ ಕೆಲಸ ಬೇಡ. ಬಾಗಿಲಿಗೆ ಹಾಗೆಂದು ಬೋರ್ಡನ್ನೂ ಹಾಕಿಸಿದೆ. ಆ ಉರಿ, ಆ ಹೊಗೆ, ಪಾಪ ಅವರಿಗೇಕೆ! ಈ ದಯೆಗಾಗಿ ನನ್ನ ಬೆನ್ನನ್ನು ನಾನೇ ಎಷ್ಟೋ ಸಲ ತಟ್ಟಿಕೊಂಡಿದ್ದೇನೆ.

ಈಚೆಗೆ ಎರಡೂ ಹೋಟೆಲಿಗೆ ಸೇರಿ ಒಬ್ಬ ಜನರಲ್ ಮ್ಯಾನೇಜರ್ ಬೇಕಾಯಿತು. ಹದಿನಾರು ವರ್ಷದಿಂದ ಸೂಪರ್‌ವೈಸರ್ ಆಗಿರುವ ರುಕ್ಮಿಣಿ ಬಂದು ನಿಂತರು. ಮದ್ರಾಸಿನಲ್ಲೇ ಹುಟ್ಟಿ ಬೆಳೆದವರು, ಮಾತಿನ ನಡುವೆ ತಮಿಳು ಇಣುಕುತ್ತದೆ.

"ಸಾರ್, ಆ ಪೋಸ್ಟ್ ನನಗೇ ಕೊಡಿ."

"ಅದಕ್ಕೆ ಅಡುಗೆಮನೆ ಅನುಭವ ಬೇಕಲ್ಲ ಮಾರಾಯ್ರೆ."

"ಅಯ್ಯೋ ಕಡವುಳೇ! ಒಳಗೆ ಬರಬೇಡಾಂತ ಬೋರ್ಡ್ ಹಾಕಿದ್ದು ಯಾರು ಸಾರ್?"

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ನಾನು ಚಿಕ್ಕಂದಿನಿಂದ ನಗುತ್ತಾ ಬಂದವನು. ಅದನ್ನೇ ಬೋರ್ಡು ಬರೆಸಿ ತೂಗುಹಾಕಿದ್ದೇನೆಂದು ಗೊತ್ತಿರಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ನಿಯಮವೂ ಒಳ್ಳೆಯದೇ ಅಲ್ಲವೇ? ತಪ್ಪು ಎಲ್ಲಿ ನುಸುಳಿತೋ! ಏನೂ ತೋಚದೆ ಪ್ಯಾರೀಸ್ ಕಾರ್ನರ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ಬೆಂದಿದ್ದ ರಾಮದಾಸರೆಂಬವರನ್ನು ಒಂದು ತಿಂಗಳ ಪರೀಕ್ಷೆಗೆ ಕರೆತಂದೆ. ಅವರಿಗೆ ಕೆಲಸ ಕಲಿಸಿಕೊಡಿ ಎಂದು ರುಕ್ಮಿಣಿಯವರಿಗೇ ಹೇಳಿದೆ. ನಾಚಿಕೆಯಾಗಬೇಕಿತ್ತು, ಆಗ ಆಗಲಿಲ್ಲ.

ಮೊದಲ ಬೆಳಗ್ಗೆ ಸಾಂಬಾರಿನ ಬಟ್ಟಲು ಬಂತು. ರಾಮದಾಸರು ಗುಟುಕರಿಸಿ ಅಡುಗೆಯ ಭಟ್ಟರನ್ನು ನೋಡಿದರು. ಭಟ್ಟರು ರುಕ್ಮಿಣಿಯವರನ್ನು ನೋಡಿದರು.

"ಅವರನ್ನ್ಯಾಕೆ ನೋಡ್ತೀರಿ?" ಎಂದು ಭಟ್ಟರನ್ನು ಕೇಳಿದೆ.

"ಮೊದಲಿನ ಮ್ಯಾನೇಜರ್ರೂ ಹೀಗೇ ಧಣಿ. ಅಮ್ಮ ಹೂಂ ಅಂದ್ರೆ ಅವ್ರೂ ಹೂಂ."

ರುಕ್ಮಿಣಿ ತಲೆಯೆತ್ತಲಿಲ್ಲ. "ಅದು ಮ್ಯಾನೇಜರ್ ವೇಲೆ ಸಾರ್, ನನ್ನ ಕೆಲಸ ಅಲ್ಲ. ನನಗೆ ಅನುಭವ ಇಲ್ಲ."

ಬಟ್ಟಲು ನನ್ನ ಕೈಗೆ ಬಂತು. ಕುಡಿದೆ. ಬಿಸಿಯಾಗಿತ್ತು ಎಂಬುದಷ್ಟೇ ತಿಳಿಯಿತು. ಹೊರಗೆ ಗಿರಾಕಿಗಳು ಮೇಜು ತಟ್ಟುತ್ತಿದ್ದರು. ಬಟ್ಟಲು ಹಿಡಿದು ರುಕ್ಮಿಣಿಯವರ ಮುಂದೆ ಹೋಗಿ ನಿಂತೆ.

"ಯಾವ ಪೋಸ್ಟಿನಲ್ಲಿದ್ದು ರುಚಿ ನೋಡ್ಲಿ ಸಾರ್?"

"ನೀವು ಕೇಳಿದ ಪೋಸ್ಟಿನಲ್ಲೇ," ಎಂದೆ.

ಅವರು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಉಪ್ಪೇ ಹಾಕಿಲ್ಲ ಸಾರ್."