ಹವಾ ಯಾರಿಗಿ ಜಾಸ್ತಿ ಆಗಿತ್ತು

ಓದೋರಿಗೆಲ್ಲ ಶರಣ್ರಿ. ನಾ ದೊಡ್ಡಾಂವ ಆದಮ್ಯಾಲ ಸಾಲಿ ಕಲ್ತಾಂವ, ಒಂದೊಂದೇ ಅಕ್ಷರ ಹುಡುಕಿ ಒತ್ತತೇನಿ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನಂದೊಂದು ಹಳಿ ಪೆಟ್ರೋಲ್ ಪಿಕಪ್ ಅದ. ಖಟಕ ಚಿಂಚೋಳಿಯಿಂದ ಭಾಲ್ಕಿಗಿ ದಿನಾ ಮುಂಜಾನಿ ಹಾಲಿನ ಕ್ಯಾನ್ ಒಯ್ಯೋದು ನನ್ನ ಕೆಲಸ. ಆ ವಾರ ಏರಿನ್ಯಾಗ ಎರಡು ಸಲ ಗಾಡಿ ಬಂದ್ ಬಿದ್ದು ಹಾಲು ಒಡದಿತ್ತು. "ಇನ್ನೊಮ್ಮಿ ಒಡದ್ರ ಬ್ಯಾರಿ ಗಾಡಿ ಹಚ್ತೇವಿ" ಅಂತ ಡೇರಿಯವ್ರು ಖಡಕ್ ಹೇಳಿದ್ರು.

ಇಂಜಿನ್‌ಗಿ ಹೋಗೋ ಗಾಳಿ ತಡಿಯೋ ಚೋಕ್ ಅರ್ಧ ಎಳದ್ರ ಮಾತ್ರ ಗಾಡಿ ಚಲೋ ಓಡ್ತಿತ್ತು. ಅಂದ್ರ ಇಂಜಿನ್‌ಗಿ ಪೆಟ್ರೋಲ್ ಕಮ್ಮಿ, ಗಾಳಿ ಹೆಚ್ಚು ಹೋಗ್ಲಿಕತ್ತದ ಅಂತ ಪುಸ್ತಕದಾಗ ಓದಿದ್ದೆ. ನೌಬಾದದ ಗಾಡಿ ಮಿಸ್ತ್ರಿಗಿ "ಹವಾ ಜಾಸ್ತಿ ಆಗೇದ, ನೋಡ್ರಿ" ಅಂದು ಚಾ ಕುಡೀಲಿಕ್ಕ ಹೋದೆ. ಬಂದು ನೋಡ್ತೇನಿ, ನಾಲ್ಕೂ ಟೈರಿನ ಹವಾ ಇಳಿಸಿ ಕುಂತಾನ!

"ಟೈರಿಂದಲ್ರೀ, ಇಂಜಿನ್ನಿಂದು!" ಅಂತ ಒದರಿದೆ.

"ಇಂಜಿನ್‌ಗ್ಯಾವ ಹವಾರಿ ಸಾಹೇಬ್ರ? ನಾಲ್ಕು ಅಕ್ಷರ ಕಲ್ತು ನಿಮಗೇ ಹವಾ ಜಾಸ್ತಿ ಆಗೇದ" ಅಂದ. ಅಲ್ಲಿ ಕುಂತವ್ರೆಲ್ಲ ನಕ್ರು. ನನ್ನ ಮೈ ಉರೀತು.

ಮೊದಲ ಅವನ ಕೈಲೇ ಟೈರಿಗಿ ಹವಾ ತುಂಬಿಸಿದೆ. ಆಮ್ಯಾಲ ಅವನ ಮುಂದೇ ಗಾಡಿ ಚಾಲೂ ಮಾಡಿ, ಪೆಟ್ರೋಲ್ ಗಾಳಿ ಕಲಸೋ ಕಾರ್ಬೊರೇಟರ್ ಬುಡಕಿನ ರಬ್ಬರ್ ಪೈಪಿನ ಮ್ಯಾಲ ನೀರು ಚಿಮುಕಿಸಿದೆ. ಪೈಪಿನ ಸೀಳಿನ್ಯಾಗ ನೀರು ಹೊಕ್ಕು ಇಂಜಿನ್ ದನಿ ಬದಲಾತು. ಇಂಜಿನ್ ಹೆಚ್ಚಿನ ಗಾಳಿ ಆ ಸೀಳಿನಿಂದೇ ಎಳೀತಿತ್ತು. ಮಿಸ್ತ್ರಿ ಹೊಸ ಪೈಪ್ ಹಾಕ್ದ. ಮಾಫಿ ಮಾತ್ರ ಕೇಳ್ಲಿಲ್ಲ.

ಮರುದಿನ ಹಾಲು ಒಡೀಲಿಲ್ಲ, ಕೆಲಸ ಉಳೀತು. ಆದ್ರ ಆ ಮಿಸ್ತ್ರಿ ಮಾರಿ ಕಂಡ್ರ ನಂಗ ಇವತ್ತಿಗೂ ಸಿಟ್ಟು ಬರ್ತದ. ನಿಮಗೂ ಇಂಥಾಂವ ಗಂಟು ಬಿದ್ದಿದ್ರ ಬರೀರಿ, ಒಬ್ಬನೇ ಬಯ್ಯೋದ್ರಾಗ ಮಜಾ ಇಲ್ಲ.