ಸಮವಾದರೆ ನಾನು ಸೋತ ಹಾಗೆ

ವಕೀಲ್ ಮಾಮನ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಯಾವಾಗಲೋ ಸ್ಕೂಟರಿನಿಂದ ಬಿದ್ದಾಗ ಮುರಿದದ್ದು ನೆಟ್ಟಗೆ ಕೂಡಿಕೊಂಡು ಹಾಗೇ ಉಳಿದುಬಿಟ್ಟಿತ್ತು. ಹೀಗಾಗಿ ಚೆಸ್ ಕಾಯಿಯನ್ನು ಹೆಬ್ಬೆರಳು, ನಡುಬೆರಳುಗಳಲ್ಲಿ ಹಿಡಿದು ಎತ್ತುತ್ತಿದ್ದರು. ತೋರುಬೆರಳು ಮಾತ್ರ ಎದುರಿಗೆ ಕೂತವರ ಮೂಗಿಗೆ ನೇರವಾಗಿ ಚಾಚಿಕೊಂಡಿರುತ್ತಿತ್ತು. ನನ್ನ ಕುದುರೆಯನ್ನು ಹೊಡೆದು ಪಕ್ಕಕ್ಕಿಡುವಾಗಲೆಲ್ಲ ತಪ್ಪು ನನ್ನದೇ ಎಂದು ತೋರಿಸಿದ ಹಾಗಾಗುತ್ತಿತ್ತು. ಆ ಬೆರಳು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊಳಲ್ಕೆರೆಯಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ಮೂಲ ರಾಮಗಿರಿ ಕಡೆಯವರು, ಸಿವಿಲ್ ಕೇಸುಗಳ ವಕೀಲರು. ಸಂಬಂಧದಲ್ಲಿ ಮಾಮನೇನಲ್ಲ, ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು, ಅವರ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದೆವು. ಹೈಸ್ಕೂಲಿನಲ್ಲಿದ್ದಾಗ ನನಗೆ ಚೆಸ್ ಹುಚ್ಚು ಹಿಡಿಯಿತು. ಜೊತೆಗೆ ಆಡುವವರು ಬೇರೆ ಯಾರೂ ಸಿಗದೆ ಅವರ ಜಗುಲಿ ಹತ್ತಿದೆ. ಮೊದಲ ದಿನವೇ ಕರಾರು ಹಾಕಿದರು.

“ನೋಡಮ್ಮ, ನಂಗೆ ವಯಸ್ಸಾಗೈತೆ. ನಿನಗೇನಾಗೈತೆ ದಾಡಿ? ಆಟ ಸಮ ಆದ್ರೆ ನೀನು ಸೋತಂಗೆ. ಒಪ್ಪಿಗೆ ಇದ್ರೆ ಕುಂತ್ಕ, ಇಲ್ಲಾಂದ್ರೆ ಮನೆಗೆ ಹೋಗು.”

ಕುಂತುಕೊಂಡೆ. ಎಂಥ ಗುಂಡಿಗೆ ಬಿದ್ದೆ ಎಂದು ಆಮೇಲೆ ಗೊತ್ತಾಯಿತು. ಆ ಮನುಷ್ಯನಿಗೆ ಗೆಲ್ಲುವ ಆಸೆಯೇ ಇರಲಿಲ್ಲ. ಡ್ರಾ ಸಾಕಲ್ಲ! ಎಲೆಅಡಿಕೆ ಬಾಯಿಗೆ ಹಾಕಿಕೊಂಡು, “ಕೊಟ್ಟು ತಗಳಾಣ” ಎನ್ನುವುದು, ಮಂತ್ರಿಗೆ ಮಂತ್ರಿ ಹೊಡೆಯುವುದು, ಆನೆಗೆ ಆನೆ ಹೊಡೆಯುವುದು. ಅರ್ಧ ಗಂಟೆಯೊಳಗೆ ಹಲಗೆ ಸಂತೆ ಮುಗಿದ ಮೈದಾನದ ಹಾಗೆ ಬಣಗುಡುತ್ತಿತ್ತು. ಎರಡು ರಾಜ, ಒಂದಿಷ್ಟು ಕಾಲಾಳುಗಳು ಮುಖಮುಖ ನೋಡಿಕೊಂಡು ನಿಂತಿರುತ್ತಿದ್ದವು. ಮನೆಗೆ ಬಂದರೆ ಅಪ್ಪ, “ಏನಾಯ್ತೇ?” ಎನ್ನುತ್ತಿದ್ದರು. “ಡ್ರಾ” ಎಂದರೆ, “ಹಂಗಾದ್ರೆ ಸೋತೆ ಅನ್ನು” ಎಂದು ನಗುತ್ತಿದ್ದರು.

ರೋಸಿಹೋಗಿ ಒಂದಷ್ಟು ಭಾನುವಾರ ಹುಚ್ಚು ಹಿಡಿದವಳಂತೆ ಆಡಿದೆ. ಮಂತ್ರಿಯನ್ನು ಮೊದಲೇ ಹೊರಗೆ ತಂದು, ಸಿಕ್ಕಸಿಕ್ಕಲ್ಲಿ ಚೆಕ್ ಕೊಟ್ಟು, ಕುದುರೆ ಬಲಿಕೊಟ್ಟು ಮೈಮೇಲೆ ಬಿದ್ದೆ. ಡ್ರಾ ಹೋಗಿ ನಿಜವಾದ ಸೋಲುಗಳೇ ಬಂದವು. ಒಂದು ದಿನ ಕಣ್ಣಲ್ಲಿ ನೀರು ತುಂಬಿಕೊಂಡು ಕಾಯಿಗಳನ್ನು ಡಬ್ಬಿಗೆ ಸುರಿಯುತ್ತಿದ್ದೆ. ಮಾಮ ಡಬ್ಬಿ ಕಿತ್ತುಕೊಂಡರು.

“ಗೆಲ್ಲಲೇಬೇಕು ಅಂದ್ರೆ ಗೂಳಿ ಹಂಗೆ ಹಾಯಾಕೆ ಹೋಗು ಅಂತ ಅಲ್ಲ ಕಣಮ್ಮ. ಕೇಸು ಮುಗಿಯಕ್ಕೆ ಬಿಡಬ್ಯಾಡ. ಕಾಯಿ ಕಮ್ಮಿ ಆದಂಗೆಲ್ಲ ಜಗಳ ಕಮ್ಮಿ ಆಗ್ತೈತೆ. ಜಗಳ ನಿನಗೆ ಬೇಕು, ನನಗೆ ಬ್ಯಾಡ. ನಾನು ಕೊಡ್ತೀನಿ ಅಂದ್ರೆ ನೀನ್ಯಾಕೆ ಇಸ್ಕಂತೀಯ?”

ಕೋರ್ಟಿನಲ್ಲೂ ಅವರದು ಇದೇ ಚಾಳಿ. ತಮ್ಮ ಕಕ್ಷಿದಾರನಿಗೆ ಸಮಪಾಲು ಸಾಕೆನಿಸಿದರೆ ಬೇಗ ಬೇಗ ರಾಜಿ ಮಾಡಿಸುತ್ತಿದ್ದರು. ಸಾಲದಿದ್ದರೆ ವಾಯಿದೆಯ ಮೇಲೆ ವಾಯಿದೆ ಕೇಳಿ ಎದುರಿನವರಿಗೆ ಸಾಕುಸಾಕು ಮಾಡುತ್ತಿದ್ದರು. ಅವರ ಮನೆಗೆ ಬಂದು ತಲೆ ಚಚ್ಚಿಕೊಂಡು ಹೋದ ಎದುರು ಪಕ್ಷದವರನ್ನು ನಾನೇ ನೋಡಿದ್ದೇನೆ. ಅವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಅಲ್ಲಿಂದ ಆಟ ಬದಲಿಸಿದೆ. ಅದುವರೆಗೆ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಶುರು ಮಾಡುತ್ತಿದ್ದೆ. ಅವರೂ ಅದನ್ನೇ ನಡೆಸಿ, ನಡುವೆ ದಾರಿ ಬಿಡಿಸಿ, ಆ ದಾರಿಯಲ್ಲೇ ಎಲ್ಲ ಕಾಯಿಗಳನ್ನೂ ಸಾಗಹಾಕುತ್ತಿದ್ದರು. ಈಗ ಬದಿಯ ಕಾಲಾಳಿನಿಂದ ಹೊರಟೆ, ಒಂಟೆಯನ್ನು ಮೂಲೆಯಲ್ಲಿ ಕೂರಿಸಿದೆ, ನಡುವಿನ ದಾರಿಯನ್ನು ಮುಚ್ಚಿಯೇ ಇಟ್ಟೆ. ಅವರು ರಾಜನನ್ನು ಒಂದು ಬದಿಗೆ ಬಚ್ಚಿಟ್ಟರೆ ನಾನು ಇನ್ನೊಂದು ಬದಿಗೆ. ಹೊಡೆಯಲು ಬಂದ ಕಾಯಿಯಿಂದ ನನ್ನ ಕಾಯಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುವುದು ಅವಮಾನವಲ್ಲ ಎಂದು ಕಲಿತೆ.

“ಇದೇನಮ್ಮ, ಬೀದಿ ಬಾಗಿಲು ಬಿಟ್ಟು ಹಿತ್ತಿಲಿಂದ ಬರ್ತಿದೀಯ?” ಎಂದು ಗೊಣಗಿದರು. ಅವರು ಗೊಣಗಿದ್ದೇ ನನಗೆ ಹಬ್ಬವಾಯಿತು. ಆದರೂ ಆಟ ಸಂಜೆವರೆಗೆ ಎಳೆದು ಡ್ರಾ ಆಯಿತು.

ಡಿಗ್ರಿ ಓದುವಾಗ ಚಿತ್ರದುರ್ಗದಲ್ಲಿ ಅಂತರ ಕಾಲೇಜು ಪಂದ್ಯಾವಳಿ. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಲು ಕೊನೆಯ ಸುತ್ತನ್ನು ನಾನು ಗೆಲ್ಲಲೇಬೇಕಿತ್ತು. ಎದುರಿಗೆ ಹಿರಿಯೂರಿನ ಹುಡುಗಿ. ಅವಳಿಗೆ ಡ್ರಾ ಸಾಕಿತ್ತು. ಶುರುವಿನಲ್ಲೇ ಮಂತ್ರಿಗೆ ಮಂತ್ರಿ ಒಡ್ಡಿದಳು. ನನಗೆ ನಗು ಬಂತು. ಎರಡು ಜಡೆ ಹಾಕಿಕೊಂಡು ನಮ್ಮ ವಕೀಲ್ ಮಾಮನೇ ಬಂದು ಕೂತಿದ್ದರು! ನಾನು ಮಂತ್ರಿಯನ್ನು ಸರಿಸಿದೆ. ಅವಳು ಆನೆ ಒಡ್ಡಿದಳು, ಸರಿಸಿದೆ. ಡ್ರಾ ಕೇಳಿದಳು, ಒಲ್ಲೆನೆಂದು ತಲೆಯಾಡಿಸಿದೆ. ಉಳಿದ ಹಲಗೆಗಳೆಲ್ಲ ಖಾಲಿಯಾಗಿ, ಕುರ್ಚಿ ಮಡಚುವವರು ನಮ್ಮ ಸುತ್ತ ಬಂದು ನಿಂತರು. ಕೊನೆಗೆ ಅವಳ ತಾಳ್ಮೆ ತಪ್ಪಿತು. ಒಮ್ಮೆ ಮುಗಿದರೆ ಸಾಕೆಂಬಂತೆ ನನ್ನ ಕಾಲಾಳನ್ನು ಹೊಡೆದಳು. ಅವಳ ರಾಜನ ಬಾಗಿಲು ತೆರೆಯಿತು.

ಬಸ್ಸಿಳಿದವಳು ನಮ್ಮ ಮನೆಗೂ ಹೋಗದೆ ಅವರ ಜಗುಲಿಗೆ ಓಡಿದೆ. ಮಾಮ ಆಟವನ್ನೆಲ್ಲ ಹಲಗೆಯ ಮೇಲೆ ಇಟ್ಟು ತೋರಿಸಲು ಹೇಳಿದರು. ನೋಡಿ ಮುಗಿಸಿ, “ಪರವಾಗಿಲ್ಲ. ಆದ್ರೆ ಆ ಹುಡುಗಿ ನನ್ನಷ್ಟು ಭಂಡಿ ಅಲ್ಲ ಬಿಡು” ಎಂದರು. ಒಂದು ಶಹಬ್ಬಾಸ್ ಇಲ್ಲ. “ಕುಂತ್ಕ, ಒಂದಾಟ ಆಡಾಣ.” ಆ ಸಂಜೆಯೂ ಡ್ರಾ ಮಾಡಿ ಕಳಿಸಿದರು. ಯೂನಿವರ್ಸಿಟಿ ತಂಡದ ಆಟಗಾರ್ತಿ ಸೋತ ಮುಖ ಹೊತ್ತು ರಸ್ತೆ ದಾಟಿದಳು.

ಚಿತ್ರದುರ್ಗದಲ್ಲಿ ಉಪನ್ಯಾಸಕಿಯಾದೆ, ಮದುವೆಯಾಯಿತು. ಊರಿಗೆ ಬಂದಾಗೆಲ್ಲ ಆಟ ನಡೆದೇ ಇತ್ತು. ಎಲ್ಲೆಲ್ಲೋ ಯಾರ್ಯಾರನ್ನೋ ಗೆದ್ದೆ. ಇವರನ್ನು ಒಂದು ಸಲವೂ ಇಲ್ಲ. ನನ್ನ ಗಂಡ, “ನಿನಗೆ ಬೇರೆ ಯೋಚನೆ ಇಲ್ವಾ?” ಎಂದು ಕೇಳುತ್ತಿದ್ದರು. ಇರಲಿಲ್ಲ.

ಕಳೆದ ವರ್ಷ ಮಾಮನಿಗೆ ಲಕ್ವ ಹೊಡೆಯಿತು. ಎಡಗಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು. ನೋಡಲು ಹೋದರೆ ಮೊದಲು ಕೇಳಿದ್ದು ಹಲಗೆಯನ್ನು. ಬೇಡವೆಂದರೆ ಕೇಳಲಿಲ್ಲ. ದಿಂಬಿಗೆ ಒರಗಿ ಕೂತರು. ಆವತ್ತು ನಾನು ಚೆನ್ನಾಗಿ ಆಡಿದೆ. ಕಾಯಿಗಳನ್ನೆಲ್ಲ ಉಳಿಸಿಕೊಂಡು ನಾಲ್ಕೂ ಕಡೆಯಿಂದ ಬಿಗಿಯುತ್ತ ಬಂದೆ. ಅವರು ಬಹಳ ಹೊತ್ತು ಹಲಗೆ ನೋಡಿದರು. ಆನೆಯನ್ನು ಎತ್ತಿ ತಂದು, ನನ್ನ ಕುದುರೆಯ ಬಾಯಿಗೇ ಇಟ್ಟರು.

ಪುಕ್ಕಟೆ ಆನೆ. ಹೊಡೆದರೆ ಆಟ ಮುಗಿದ ಹಾಗೆ. ಇಷ್ಟು ವರ್ಷ ಕಾದ ಗಳಿಗೆ ಅದು. ತಲೆಯೆತ್ತಿದೆ. ಮಾಮನ ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಅತ್ತೆ ಬಂದು ಸೆರಗಿನಿಂದ ಒರೆಸಿ ಹೋದರು. ಇಂಥ ಸ್ಥಿತಿಯಲ್ಲಿರುವವರನ್ನು ಗೆದ್ದು ಏನು ಮಾಡಲಿ ಅನ್ನಿಸಿತು.

“ಮಾಮ, ಸಾಕು, ಡ್ರಾ ಮಾಡ್ಕಳಾಣ ಬಿಡ್ರಿ” ಎಂದೆ.

ಮಾತು ಮುಗಿಯುವುದರೊಳಗೆ ಕೈ ಚಾಚಿ ನನ್ನ ಕೈ ಕುಲುಕಿಬಿಟ್ಟರು. “ಸೋತೆ ನೋಡು!” ಎಂದು ತೊದಲಿ, ಒಳಗೆ ಕೇಳುವ ಹಾಗೆ ಕೂಗಿದರು, “ಏ ಇವಳೇ, ಈ ಹುಡುಗಿ ಇವತ್ತೂ ಸೋತ್ಲು!”

ಹೋಗಲಿ, ಖುಷಿಯಾಗಿದ್ದಾರಲ್ಲ ಎಂದುಕೊಂಡು ಬಸ್ಸು ಹತ್ತಿದೆ. ತಿಂಗಳೊಳಗೆ ಹೋಗಿಬಿಟ್ಟರು.

ಅವರ ಶಿವಗಣಾರಾಧನೆಯ ದಿನ ತಿಥಿಯೂಟದ ಪಂಕ್ತಿಯಲ್ಲಿ ಕೂತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

“ಆವತ್ತು ನೀನು ಹೋದ ಮ್ಯಾಲೆ ಎಷ್ಟು ನಕ್ಕರು ಅಂತೀಯ! ಆಟ ಹೆಂಗೂ ಕೈಬಿಟ್ಟು ಹೋಗಿತ್ತಂತೆ. ‘ಬೇಕಂತಲೇ ಆನೇನ ಬಾಯಿಗಿಟ್ಟೆ ಕಣೇ. ನನ್ನ ಅವಸ್ಥೆ ನೋಡಿ ಇವಳು ಹೊಡೆಯಾಕಿಲ್ಲ ಅಂತ ಗೊತ್ತಿತ್ತು’ ಅಂದ್ರು.”

ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಸುತ್ತ ಜನ ಮೆಲ್ಲಗೆ ಮಾತಾಡುತ್ತ ಉಣ್ಣುತ್ತಿದ್ದರು. ನನಗೆ ನೆತ್ತಿಗೇರುವಷ್ಟು ಸಿಟ್ಟು ಬಂದಿತ್ತು. ಅತ್ತೆ ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

ಈಗ ಕಾಲೇಜಿನ ಹುಡುಗಿಯರಿಗೆ ನಾನು ಹೇಳಿಕೊಡುವ ಆಟವೆಲ್ಲ ಅವರದೇ. ನಾನು ಗೆದ್ದ ಗೆಲುವುಗಳೂ ಅವರವೇ ಎಂದರೂ ಒಪ್ಪುತ್ತೇನೆ. ಆದರೆ ನನಗೆ ಬೇಕಾಗಿದ್ದ ಗೆಲುವು ಒಂದೇ ಒಂದು. ಅದು ನನ್ನ ಕೈಯಲ್ಲೇ ಇತ್ತು. ನಾನೇ ಕೊಟ್ಟೆ, ಅವರು ಇಸಿದುಕೊಂಡು ಹೋದರು.